‘ಹಚ್ಚು’ ಬಲ್ಲವರಿಗೆ ‘ಪುಟ್ ಆಫ್’ ಎಷ್ಟು ದೂರ?

ಬೆಳಗಾವಿ, ಬಾಗಲಕೋಟೆ ಮತ್ತು ವಿಜಯಪುರ ಜಿಲ್ಲೆಗಳಿಂದ ಈ ಬಾರಿ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯವನ್ನು ಕುರಿತವು: ಇಂಗ್ಲಿಷಿನ ಫ್ರೇಸಲ್ ವರ್ಬ್‌ಗಳು, ಅಂದರೆ ‘ಪುಟ್’, ‘ಗೆಟ್’, ‘ಗೋ’, ‘ಲುಕ್’ ಮೊದಲಾದ ಸಣ್ಣ ಕ್ರಿಯಾಪದಗಳ ಬೆನ್ನಿಗೆ ‘ಅಪ್’, ‘ಆಫ್’, ‘ಔಟ್’ನಂಥ ಇನ್ನೂ ಸಣ್ಣ ಪದ ಸೇರಿದಾಗ ಹುಟ್ಟುವ ಹೊಸ ಅರ್ಥದ ಜೋಡಿಗಳು. ಆದ್ದರಿಂದ ಈ ಸಂಚಿಕೆಯ ಅಂಕಣವನ್ನು ಪೂರ್ತಿಯಾಗಿ ಅವುಗಳಿಗೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ನಾನು ಇಂಜಿನಿಯರಿಂಗ್ ಕೊನೆಯ ವರ್ಷದ ವಿದ್ಯಾರ್ಥಿನಿ. ಹತ್ತನೆಯ ತರಗತಿಯವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದವಳು. ಕ್ಯಾಂಪಸ್ ಸಂದರ್ಶನಕ್ಕೆಂದು ಫ್ರೇಸಲ್ ವರ್ಬ್‌ಗಳ ಪಟ್ಟಿಯನ್ನು ಬಾಯಿಪಾಠ ಮಾಡುತ್ತಿದ್ದೇನೆ. ‘ಪುಟ್ ಆನ್’, ‘ಪುಟ್ ಆಫ್’, ‘ಪುಟ್ ಔಟ್’, ‘ಪುಟ್ ಅಪ್ ವಿತ್’ ಎಂದು ರಾತ್ರಿ ಸಾಲಾಗಿ ಓದಿದ್ದು ಬೆಳಗಾಗುವಷ್ಟರಲ್ಲಿ ಒಂದರೊಳಗೊಂದು ಕಲಸಿಹೋಗಿರುತ್ತದೆ. ‘ಪುಟ್’ ಎಂದರೆ ಇಡು ಎಂದಾದರೆ ‘ಪುಟ್ ಆಫ್’ ಎಂದರೆ ಮುಂದೂಡು ಎಂದು ಹೇಗಾಯಿತು? (ಟಿಳಕವಾಡಿ, ಬೆಳಗಾವಿ)

ಉತ್ತರ: ಆ ಪಟ್ಟಿಯನ್ನು ಇವತ್ತೇ ಮುಚ್ಚಿಡಿ ಎಂದು ಮೊದಲು ಹೇಳುತ್ತೇನೆ. ತಪ್ಪು ನಿಮ್ಮ ನೆನಪಿನ ಶಕ್ತಿಯದಲ್ಲ, ಪಟ್ಟಿಯ ಜೋಡಣೆಯದು. ಒಂದೇ ಮುಖಚಹರೆಯ ಐವರು ಅಣ್ಣತಮ್ಮಂದಿರನ್ನು ಒಂದೇ ಸಂಜೆ ಪರಿಚಯ ಮಾಡಿಸಿದರೆ ಮರುದಿನ ಯಾರ ಹೆಸರು ಯಾರದೆಂದು ತಿಳಿಯದೆ ಹೋಗುವುದು ಸಹಜ. ‘ಪುಟ್’ ಕುಟುಂಬವನ್ನು ಒಟ್ಟಿಗೆ ಕಲಿಯಲು ಹೊರಟವರಿಗೆ ಆಗುವುದೂ ಅದೇ.

ಇನ್ನು ಅರ್ಥ ಹೇಗೆ ಬದಲಾಯಿತು ಎಂಬ ಪ್ರಶ್ನೆ. ನಿಮ್ಮ ಮನೆಯಲ್ಲಿ ಬೆಳಗ್ಗೆಯಿಂದ ರಾತ್ರಿಯವರೆಗೆ ‘ಹಚ್ಚು’ ಎಂಬ ಒಂದು ಮಾತು ಎಷ್ಟು ಸಲ ಕೇಳಿಬರುತ್ತದೆ ಎಂದು ಒಂದು ದಿನ ಕಿವಿಗೊಟ್ಟು ಕೇಳಿ. ದೇವರ ಮುಂದೆ ದೀಪ ಹಚ್ಚುತ್ತಾರೆ, ಗೋಡೆಗೆ ಬಣ್ಣ ಹಚ್ಚುತ್ತಾರೆ, ಪುಣೆಯಲ್ಲಿರುವ ಅಣ್ಣನಿಗೆ ಫೋನ್ ಹಚ್ಚುತ್ತಾರೆ, ಆರು ವರ್ಷದ ಹುಡುಗನನ್ನು ಸಾಲಿಗೆ ಹಚ್ಚುತ್ತಾರೆ, ಯಾರೋ ಆಡಿದ ಮಾತನ್ನು ಮನಸ್ಸಿಗೆ ಹಚ್ಚಿಕೊಳ್ಳುತ್ತಾರೆ, ಕೂಸು ತಾಯಿಗಿಂತ ಅಜ್ಜಿಯನ್ನೇ ಹೆಚ್ಚು ಹಚ್ಚಿಕೊಂಡಿರುತ್ತದೆ. ಇವುಗಳಲ್ಲಿ ಯಾವ ಅರ್ಥವನ್ನೂ ನೀವು ಪಟ್ಟಿ ಮಾಡಿ ಕಲಿತವರಲ್ಲ. ದೀಪದ ಮುಂದೆ ಕುಳಿತಾಗ ದೀಪದ ‘ಹಚ್ಚು’ ಬಂತು, ಶಾಲೆಗೆ ಸೇರಿದ ದಿನ ಶಾಲೆಯ ‘ಹಚ್ಚು’ ಬಂತು. ಹಾಗೆಯೇ ಕೈಕೊಟ್ಟ ಗೆಳೆಯನಿಗೂ ಕೈಬಿಟ್ಟ ಗೆಳೆಯನಿಗೂ ಕೈಹಿಡಿದ ಗೆಳೆಯನಿಗೂ ಇರುವ ಅಂತರವನ್ನು ನಿಮಗೆ ಯಾವ ವ್ಯಾಕರಣ ಪುಸ್ತಕವೂ ಕಲಿಸಲಿಲ್ಲ, ಆದರೂ ಅದರಲ್ಲಿ ನೀವು ಒಮ್ಮೆಯೂ ತಪ್ಪುವುದಿಲ್ಲ. ಜೊತೆಗಿರುವ ಪದ ಬದಲಾದಂತೆ ಕ್ರಿಯಾಪದ ಅರ್ಥ ಬದಲಿಸುವುದು ನಮ್ಮ ಭಾಷೆಗೂ ಹೊಸದಲ್ಲ. ಇಂಗ್ಲಿಷಿನಲ್ಲಿ ಜೊತೆಯ ಪದ ಕ್ರಿಯಾಪದದ ನಂತರ ಬರುತ್ತದೆ, ಕನ್ನಡದಲ್ಲಿ ಅದಕ್ಕೂ ಮೊದಲೇ ನಿಲ್ಲುತ್ತದೆ ಎಂಬುದಷ್ಟೇ ಕಣ್ಣಿಗೆ ಕಾಣುವ ವ್ಯತ್ಯಾಸ.

ಈ ತೊಡಕು ನಮಗಷ್ಟೇ ಎದುರಾದದ್ದೂ ಅಲ್ಲ. 1755ರಲ್ಲಿ ಪ್ರಕಟವಾದ ತನ್ನ ಇಂಗ್ಲಿಷ್ ನಿಘಂಟಿನ ಪೀಠಿಕೆಯಲ್ಲಿ ಸ್ಯಾಮ್ಯುಯೆಲ್ ಜಾನ್ಸನ್, ಕ್ರಿಯಾಪದಕ್ಕೆ ಸಣ್ಣ ಪದವೊಂದನ್ನು ಅಂಟಿಸಿ ಅರ್ಥ ತಿರುಗಿಸುವ ಈ ಪದ್ಧತಿಯೇ ಪರಭಾಷಿಕರಿಗೆ ಅತಿ ಹೆಚ್ಚು ಕಷ್ಟ ಕೊಡುವಂಥದ್ದು ಎಂದು ಬರೆದಿದ್ದಾನೆ. ‘ಫ್ರೇಸಲ್ ವರ್ಬ್’ ಎಂಬ ಹೆಸರು ಚಾಲ್ತಿಗೆ ಬಂದದ್ದು ಬಹಳ ತಡವಾಗಿ, 1925ರಲ್ಲಿ, ಲೇಖಕ ಲೋಗನ್ ಪಿಯರ್ಸಲ್ ಸ್ಮಿತ್ ಅದನ್ನು ಬಳಸಿದ ಮೇಲೆ.

ಈಗ ‘ಪುಟ್ ಆಫ್’ಗೆ ಬರೋಣ. ‘ಆಫ್’ ಎಂಬುದರ ಬೇರಿನಲ್ಲಿರುವುದು ಅಂಟಿಕೊಂಡದ್ದು ಬೇರೆಯಾಗುವ, ಇದ್ದ ಜಾಗದಿಂದ ಆಚೆ ಸರಿಯುವ ಭಾವ. ಇವತ್ತಿನ ದಿನದ ಮೇಲೆ ಕುಳಿತಿದ್ದ ಕೆಲಸವನ್ನು ಎತ್ತಿ ಆಚೆ ಇಟ್ಟರೆ ಅದು ‘ಪುಟ್ ಆಫ್’. ನಮ್ಮ ‘ಮುಂದೂಡು’ವಿನಲ್ಲಿ ಅದೇ ಕೆಲಸವನ್ನು ಕೈಯಿಂದ ಮುಂದಕ್ಕೆ ದೂಡುತ್ತೇವೆ. ಇಂಗ್ಲಿಷಿನವನು ಇಡುತ್ತಾನೆ, ಕನ್ನಡಿಗ ದೂಡುತ್ತಾನೆ; ಇಬ್ಬರೂ ಕಾಲವನ್ನು ಕಣ್ಣೆದುರಿನ ವಸ್ತುವಿನಂತೆ ಕಂಡವರು. ಬೆಂಕಿಯನ್ನು ಇಲ್ಲವಾಗಿಸಿದರೆ ‘ಪುಟ್ ಔಟ್’, ಬಟ್ಟೆಯನ್ನು ಮೈಮೇಲೆ ತಂದರೆ ‘ಪುಟ್ ಆನ್’. ‘ಪುಟ್ ಅಪ್ ವಿತ್’ ಮಾತ್ರ ಇಷ್ಟು ಸುಲಭವಾಗಿ ಬಿಚ್ಚಿಕೊಳ್ಳುವುದಿಲ್ಲ, ಅದನ್ನು ಬಿಡಿಸಲು ಹೋಗದೆ ಇಡಿಯಾಗಿಯೇ ತೆಗೆದುಕೊಳ್ಳಿ. ಪಕ್ಕದ ಮನೆಯ ಲೌಡ್‌ಸ್ಪೀಕರನ್ನು ಪರೀಕ್ಷೆಯ ಹಿಂದಿನ ರಾತ್ರಿ ನೀವು ಹೇಗೆ ತಾಳಿಕೊಂಡಿರೋ ಅದೇ ‘ಪುಟ್ ಅಪ್ ವಿತ್’.

ಪಟ್ಟಿಯ ಬದಲು ಏನು ಮಾಡಬೇಕೆಂದು ಕೇಳುತ್ತೀರಿ. ನಿಮ್ಮ ಒಂದು ಬೆಳಗನ್ನೇ ತೆಗೆದುಕೊಳ್ಳಿ. ಐದೂವರೆಗೆ ಎಚ್ಚರವಾಗುತ್ತದೆ, ಹೊದಿಕೆಯೊಳಗೇ ಹತ್ತು ನಿಮಿಷ ಹೊರಳಾಡಿ ಆಮೇಲೆ ಏಳುತ್ತೀರಿ. ಎಚ್ಚರವಾದದ್ದು ‘ವೇಕ್ ಅಪ್’, ಎದ್ದದ್ದು ‘ಗೆಟ್ ಅಪ್’, ಆ ಹತ್ತು ನಿಮಿಷವೇ ಎರಡರ ನಡುವಿನ ಗಡಿ. ಬೆಳಗಾವಿಯ ಚಳಿಗೆ ಸ್ವೆಟರ್ ಹಾಕಿಕೊಳ್ಳುವ ಆ ಕ್ಷಣ ‘ಪುಟ್ ಆನ್’, ಹಾಕಿಕೊಂಡೇ ದಿನವಿಡೀ ಓಡಾಡುವುದು ‘ವೇರ್’. ಕನ್ನಡದಲ್ಲಿ ಎರಡಕ್ಕೂ ‘ಹಾಕಿಕೊಳ್ಳು’ ಸಾಕಾಗುವುದರಿಂದ ನಮ್ಮವರು ಇಲ್ಲಿ ಎಡವುತ್ತಾರೆ. ಚಹಾಕ್ಕೆ ಇಡಲು ಹೋದರೆ ಹಾಲು ಮುಗಿದಿದೆ, ‘ವಿ ಹ್ಯಾವ್ ರನ್ ಔಟ್ ಆಫ್ ಮಿಲ್ಕ್’. ಮನೆಯಿಂದ ಹೊರಟದ್ದು ‘ಸೆಟ್ ಆಫ್’; ಇಲ್ಲಿಯೂ ಅದೇ ‘ಆಫ್’, ಇದ್ದ ಜಾಗದಿಂದ ಆಚೆ ಸರಿದದ್ದು. ಚನ್ನಮ್ಮ ವೃತ್ತದಲ್ಲಿ ಬಸ್ ಹತ್ತಿದರೆ ‘ಗೆಟ್ ಆನ್’, ಇಳಿದರೆ ‘ಗೆಟ್ ಆಫ್’. ಆಟೋ ಹತ್ತಿದರೆ ಮಾತ್ರ ‘ಗೆಟ್ ಇನ್’, ಇಳಿದರೆ ‘ಗೆಟ್ ಔಟ್’, ಏಕೆಂದರೆ ಬಸ್ಸು, ರೈಲಿನಂತೆ ಒಳಗೆ ಎದ್ದು ನಿಂತು ನಡೆದಾಡಬಹುದಾದ ವಾಹನಕ್ಕೆ ‘ಆನ್’, ಮೈ ಮಡಚಿ ಒಳಸೇರಬೇಕಾದ ಕಾರು, ಆಟೋಗಳಿಗೆ ‘ಇನ್’. ಬಸ್ಸಿನಿಂದ ‘ಗೆಟ್ ಡೌನ್’ ಎನ್ನುವುದು ನಮ್ಮ ‘ಇಳಿ’ಯ ನೆರಳು, ನಮ್ಮೂರಿನಲ್ಲಿ ಅರ್ಥವಾಗುತ್ತದೆ, ಹೊರಗಿನವರ ಕಿವಿಗೆ ಅದು ಸಹಜವಾಗಿ ಕೇಳಿಸುವುದಿಲ್ಲ.

ದಿನಕ್ಕೆ ಮೂರೇ ವಾಕ್ಯ ಸಾಕು, ಆದರೆ ಪೂರ್ಣ ವಾಕ್ಯಗಳಾಗಿರಲಿ, ಮತ್ತು ಅವುಗಳಲ್ಲಿ ನಿಮ್ಮ ಮನೆಯ ಹಾಲು, ನಿಮ್ಮ ಬಸ್ಸು, ನೀವು ಮುಂದೂಡಿದ ನಿಮ್ಮದೇ ಅಸೈನ್‌ಮೆಂಟ್ ಇರಲಿ. ಪಕ್ಕದಲ್ಲಿ ಕನ್ನಡ ಅರ್ಥ ಬರೆಯುವ ಅಗತ್ಯವಿಲ್ಲ. ಹಾಲು ತೀರಿದ ಆ ಬೆಳಗ್ಗೆಯೇ ಅದರ ಅರ್ಥವನ್ನು ಕಾಪಾಡಿಕೊಳ್ಳುತ್ತದೆ.

ಪ್ರಶ್ನೆ: ಪ್ರೌಢಶಾಲೆಯಲ್ಲಿ ಇಂಗ್ಲಿಷ್ ಕಲಿಸುತ್ತೇನೆ. ಅನುವಾದಕ್ಕೆ ‘ದಿ ಅಲಾರಂ ವೆಂಟ್ ಆಫ್ ಅಟ್ ಫೈವ್’ ಎಂಬ ವಾಕ್ಯ ಕೊಟ್ಟಿದ್ದೆ. ಅರ್ಧಕ್ಕಿಂತ ಹೆಚ್ಚು ಮಕ್ಕಳು ‘ಐದು ಗಂಟೆಗೆ ಅಲಾರಂ ಬಂದ್ ಆಯಿತು’ ಎಂದು ಬರೆದರು. ತಪ್ಪು ಎಂದು ಗುರುತು ಹಾಕಿದಾಗ ಒಬ್ಬ ಹುಡುಗ, ‘ಸರ್, ಲೈಟ್ಸ್ ವೆಂಟ್ ಆಫ್ ಅಂದರೆ ಲೈಟು ಹೋಯಿತು ಅಂತ ನೀವೇ ಹೇಳಿದ್ದಿರಲ್ಲ’ ಎಂದು ಕೇಳಿದ. ಅವನಿಗೆ ಏನು ಹೇಳಲಿ? (ವಿಜಯಪುರ)

ಉತ್ತರ: ಆ ಹುಡುಗನನ್ನು ತರಗತಿಯ ಎದುರಿಗೇ ಮೆಚ್ಚಿ ಮಾತನಾಡಿ, ಅವನು ಕೇಳಿದ್ದು ನಿಜವಾದ ಪ್ರಶ್ನೆ. ಲೈಟು ‘ಗೋ ಆಫ್’ ಆದರೆ ನಿಲ್ಲುತ್ತದೆ, ಅಲಾರಂ ‘ಗೋ ಆಫ್’ ಆದರೆ ಬಾರಿಸತೊಡಗುತ್ತದೆ, ಬಂದೂಕು ‘ಗೋ ಆಫ್’ ಆದರೆ ಗುಂಡು ಹಾರುತ್ತದೆ, ಬ್ರಿಟಿಷರ ಮನೆಯಲ್ಲಿ ಹಾಲು ‘ಗೋ ಆಫ್’ ಆದರೆ ಕೆಡುತ್ತದೆ.

ಅವನಿಗೆ ‘ಹಾರು’ ಎಂಬ ನಮ್ಮದೇ ಕ್ರಿಯಾಪದವನ್ನು ತೋರಿಸಿ. ಗುಂಡು ಹಾರಿತು ಎಂದರೆ ಸಿಡಿಯಿತು, ಕೆಲಸ ಶುರುವಾಯಿತು. ಫ್ಯೂಸ್ ಹಾರಿತು ಎಂದರೆ ಸುಟ್ಟಿತು, ಕೆಲಸ ನಿಂತಿತು. ಸೀರೆಯ ಬಣ್ಣ ಹಾರಿತು ಎಂದರೆ ಮಾಸಿತು. ಅವನು ಇವುಗಳನ್ನು ದಿನವೂ ಆಡುತ್ತಾನೆ, ಒಮ್ಮೆಯೂ ಗೊಂದಲಪಡುವುದಿಲ್ಲ, ಏಕೆಂದರೆ ಹಾರಿದ್ದು ಗುಂಡೋ ಫ್ಯೂಸೋ ಬಣ್ಣವೋ ಎಂಬುದು ಮೊದಲೇ ಕಿವಿಗೆ ಬಿದ್ದಿರುತ್ತದೆ. ಮೂರರಲ್ಲೂ ಇದ್ದ ಸ್ಥಿತಿಯಿಂದ ಏನೋ ಒಂದು ಕಿತ್ತುಕೊಂಡು ಹೋಗುವ ಭಾವ ಇದೆ. ‘ಗೋ ಆಫ್’ನಲ್ಲಿಯೂ ಇರುವುದು ಅದೇ: ಬಂದೂಕು ಮತ್ತು ಅಲಾರಂ ತಡೆದಿಟ್ಟ ಸ್ಥಿತಿಯಿಂದ ಕಿತ್ತುಕೊಂಡು ಸಿಡಿಯುತ್ತವೆ, ಲೈಟು ಉರಿಯುವ ಸ್ಥಿತಿಯಿಂದ ಕಳಚಿ ಕತ್ತಲಿಗೆ ಬೀಳುತ್ತದೆ, ಹಾಲು ತಾಜಾತನದಿಂದ ಆಚೆ ಸರಿಯುತ್ತದೆ. ಸಾಧ್ಯವಾದರೆ ಮಕ್ಕಳನ್ನು ಒಂದು ಸಂಜೆ ಮಲಿಕ್-ಎ-ಮೈದಾನ್ ತೋಪಿನ ಬಳಿಗೆ ಕರೆದುಕೊಂಡು ಹೋಗಿ, ಅದರ ಬಾಯಿಯ ಮುಂದೆ ನಿಲ್ಲಿಸಿ, ಇದಕ್ಕೆ ಕಿಡಿ ತಾಗಿಸಿದ್ದರೆ ಇಂಗ್ಲಿಷಿನಲ್ಲಿ ‘ಇಟ್ ವೆಂಟ್ ಆಫ್’ ಎನ್ನುತ್ತಿದ್ದರು ಎಂದು ಹೇಳಿ. ತೋಪು ಬಂದ್ ಆಯಿತು ಎಂದು ಆಮೇಲೆ ಯಾರೂ ಬರೆಯಲಾರರು.

ಅಲಾರಂ ಬಂದ್ ಆಯಿತು ಎನ್ನಬೇಕಾದರೆ ‘ದಿ ಅಲಾರಂ ಸ್ಟಾಪ್ಡ್’ ಎನ್ನಬಹುದು. ನಾವೇ ಬಂದ್ ಮಾಡಿದರೆ ‘ಐ ಟರ್ನ್ಡ್ ಇಟ್ ಆಫ್’. ಒಂದು ವಿನಂತಿಯೂ ಇದೆ. ಇಂಥ ವಾಕ್ಯವನ್ನು ಮುಂದಿನ ಬಾರಿ ಒಂಟಿಯಾಗಿ ಕೊಡಬೇಡಿ. ‘ದಿ ಅಲಾರಂ ವೆಂಟ್ ಆಫ್ ಅಂಡ್ ಐ ಜಂಪ್ಡ್ ಔಟ್ ಆಫ್ ಬೆಡ್’ ಎಂದು ಕೊಟ್ಟಿದ್ದರೆ ಹಾಸಿಗೆಯಿಂದ ಜಿಗಿದವನೇ ಮಕ್ಕಳಿಗೆ ಅರ್ಥ ಹೇಳಿಕೊಡುತ್ತಿದ್ದ.

ಪ್ರಶ್ನೆ: ಇಳಕಲ್ ಸೀರೆಗಳ ವ್ಯಾಪಾರ ನಮ್ಮದು. ಹೊರರಾಜ್ಯದ ಗಿರಾಕಿಗಳಿಗೆ ವಾಟ್ಸಾಪಿನಲ್ಲಿ ಇಂಗ್ಲಿಷಿನಲ್ಲೇ ಬರೆಯಬೇಕಾಗುತ್ತದೆ. ‘ಪ್ಲೀಸ್ ಸೆಂಡ್ ಬ್ಯಾಕ್ ಇಟ್’ ಎಂದು ಬರೆದಾಗ ಮಗಳು ಅದು ತಪ್ಪು, ‘ಸೆಂಡ್ ಇಟ್ ಬ್ಯಾಕ್’ ಎನ್ನಬೇಕು ಎಂದಳು. ಆದರೆ ‘ಸೆಂಡ್ ಬ್ಯಾಕ್ ದಿ ಸಾರಿ’ ಸರಿ ಎಂದೂ ಅವಳೇ ಹೇಳುತ್ತಾಳೆ. ಎರಡೂ ಹೇಗೆ ಸರಿ? (ಇಳಕಲ್, ಬಾಗಲಕೋಟೆ ಜಿಲ್ಲೆ)

ಉತ್ತರ: ನಿಮ್ಮ ಮಗಳು ಹೇಳಿದ್ದು ಪೂರ್ತಿ ಸರಿ. ‘ಸೆಂಡ್ ಬ್ಯಾಕ್’, ‘ಪಿಕ್ ಅಪ್’, ‘ಪುಟ್ ಆಫ್’, ‘ಟ್ರೈ ಆನ್’ ಇವು ಬಿಡಿಸಬಹುದಾದ ಜೋಡಿಗಳು. ವಸ್ತುವಿನ ಹೆಸರು ಹೇಳಿದರೆ ಅದನ್ನು ನಡುವೆಯೂ ಇಡಬಹುದು, ಕೊನೆಗೂ ಇಡಬಹುದು: ‘ಸೆಂಡ್ ದಿ ಸಾರಿ ಬ್ಯಾಕ್’, ‘ಸೆಂಡ್ ಬ್ಯಾಕ್ ದಿ ಸಾರಿ’. ಹೆಸರಿನ ಬದಲು ‘ಇಟ್’, ‘ದೆಮ್’, ‘ಹಿಮ್’ನಂಥ ಸರ್ವನಾಮ ಬಂದರೆ ಅದು ನಡುವೆಯೇ ಇರಬೇಕು, ಬೇರೆ ಜಾಗವಿಲ್ಲ. ಕಾರಣ ಕಿವಿಯಲ್ಲಿದೆ. ಇಂಗ್ಲಿಷ್ ವಾಕ್ಯ ಕೊನೆಯಲ್ಲಿ ಹೊಸ ಸುದ್ದಿಯನ್ನು, ಒತ್ತು ತಾಳುವ ಪದವನ್ನು ಬಯಸುತ್ತದೆ. ‘ಇಟ್’ ಎಂಬುದು ಇಬ್ಬರಿಗೂ ಗೊತ್ತಿರುವ ಹಳೆಯ ಸುದ್ದಿ, ಅದರ ಮೇಲೆ ಒತ್ತು ನಿಲ್ಲುವುದಿಲ್ಲ, ಆದ್ದರಿಂದ ಅದು ಒಳಗೆ ಸರಿದು ಕೊನೆಯ ಜಾಗವನ್ನು ‘ಬ್ಯಾಕ್’ಗೆ ಬಿಟ್ಟುಕೊಡುತ್ತದೆ. ಜೋರಾಗಿ ಓದಿ ನೋಡಿ, ‘ಸೆಂಡ್ ಇಟ್ ಬ್ಯಾಕ್’ ಎಂದಾಗ ದನಿ ‘ಬ್ಯಾಕ್’ ಮೇಲೆ ಏರುತ್ತದೆ. ವಸ್ತುವಿನ ಹೆಸರು ಉದ್ದವಾಗಿದ್ದರೆ, ಉದಾಹರಣೆಗೆ ‘ನಿನ್ನೆ ಬಂದ ಕೆಂಪು ಸೆರಗಿನ ಎರಡು ಸೀರೆಗಳು’ ಎಂಬಷ್ಟು ಉದ್ದ, ಅದನ್ನು ನಡುವೆ ತುರುಕದೆ ಕೊನೆಗೆ ಇಡುವುದು ಒಳ್ಳೆಯದು.

ಬಿಡಿಸಲಾಗದ ಜೋಡಿಗಳೂ ಇವೆ. ‘ಲುಕ್ ಆಫ್ಟರ್’ (ನೋಡಿಕೊಳ್ಳು), ‘ಲುಕ್ ಫಾರ್’ (ಹುಡುಕು), ‘ಲುಕ್ ಇಂಟು’ (ವಿಚಾರಿಸಿ ನೋಡು), ‘ಕಮ್ ಅಕ್ರಾಸ್’ (ಆಕಸ್ಮಿಕವಾಗಿ ಕಾಣು) ಇಂಥವು. ‘ಲುಕ್ ಹರ್ ಆಫ್ಟರ್’ ಎಂದು ಯಾರೂ ಹೇಳುವುದಿಲ್ಲ, ‘ಲುಕ್ ಆಫ್ಟರ್ ಹರ್’ ಎಂದೇ ಹೇಳಬೇಕು. ನಿಮ್ಮೂರಿನ ಮಗ್ಗದಲ್ಲಿ ಸೀರೆಯ ಒಡಲಿನ ಹಾಸು (ಉದ್ದಕ್ಕೆ ಹಾಯುವ ಎಳೆಗಳು) ಮತ್ತು ಸೆರಗಿನ ಹಾಸು ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಸೇರಿಸುತ್ತಾರೆ. ಹಾಗೆ ಸೇರಿದ ಮೇಲೆ ನಡುವೆ ಬೇರೊಂದು ಬಟ್ಟೆ ಹೋಗುವುದಿಲ್ಲ. ‘ಲುಕ್ ಆಫ್ಟರ್’ ಅಂಥ ಕೊಂಡಿ ಬಿದ್ದ ಜೋಡಿ. ಯಾವುದು ಕೊಂಡಿ ಬಿದ್ದದ್ದು, ಯಾವುದು ಅಲ್ಲ ಎಂಬುದನ್ನು ಹೇಳುವ ಒಂದೇ ಸೂತ್ರ ಇಲ್ಲ. ಹೊಸ ಜೋಡಿ ಸಿಕ್ಕಾಗಲೆಲ್ಲ ‘ಇಟ್’ ಹಾಕಿಯೇ ಕಲಿತರೆ ಅದರ ಜಾಗ ತಾನಾಗಿ ನೆನಪಿರುತ್ತದೆ: ‘ಟ್ರೈ ಇಟ್ ಆನ್’, ‘ಲುಕ್ ಇಂಟು ಇಟ್’.

ನಿಮ್ಮ ಪತ್ರದ ಜೊತೆಗಿದ್ದ ಸಂದೇಶದ ಪ್ರತಿಯಲ್ಲಿ ಇನ್ನೊಂದು ವಾಕ್ಯ ಕಂಡೆ: ‘ವಿ ಆರ್ ಲುಕಿಂಗ್ ಫಾರ್ವರ್ಡ್ ಟು ಸರ್ವ್ ಯು’. ಅದು ‘ಟು ಸರ್ವಿಂಗ್ ಯು’ ಎಂದಾಗಬೇಕು. ಇಲ್ಲಿಯ ‘ಟು’ ಕ್ರಿಯಾಪದದ್ದಲ್ಲ, ‘ಲುಕ್ ಫಾರ್ವರ್ಡ್’ ಜೊತೆ ಬಂದದ್ದು, ‘ದೀಪಾವಳಿಯ ಕಡೆಗೆ’ ಎನ್ನುವಾಗಿನ ‘ಕಡೆಗೆ’ಯಂತೆ. ‘ಲುಕಿಂಗ್ ಫಾರ್ವರ್ಡ್ ಟು ದೀಪಾವಳಿ’ ಎಂದು ಹೆಸರುಪದ ಇಡಲು ಬರುವಲ್ಲಿ ಕ್ರಿಯಾಪದ ಇಡಬೇಕಾದರೆ ಅದಕ್ಕೆ ‘ಇಂಗ್’ ಹಚ್ಚಲೇಬೇಕು.

ಪ್ರಶ್ನೆ: ಬಾದಾಮಿಯಲ್ಲಿ ಪ್ರವಾಸಿ ಮಾರ್ಗದರ್ಶಿಯಾಗಿದ್ದೇನೆ. ನಾನು ‘ರಿಮೂವ್ ಯುವರ್ ಶೂಸ್’, ‘ಟಾಲರೇಟ್ ದಿ ಹೀಟ್’, ‘ಪೋಸ್ಟ್‌ಪೋನ್’ ಎನ್ನುತ್ತೇನೆ, ವಿದೇಶಿಯರು ‘ಟೇಕ್ ಆಫ್’, ‘ಪುಟ್ ಅಪ್ ವಿತ್’, ‘ಪುಟ್ ಆಫ್’ ಎನ್ನುತ್ತಾರೆ. ನನ್ನದು ತಪ್ಪೇ? ಒಮ್ಮೆ ‘ಐ ಪಾಸ್ಡ್ ಔಟ್ ಇನ್ 2016’ ಎಂದಾಗ ಒಬ್ಬ ಹಿರಿಯ ಮಹಿಳೆ ಗಾಬರಿಯಿಂದ ಈಗ ಆರೋಗ್ಯ ಹೇಗಿದೆ ಎಂದು ಕೇಳಿದರು. (ಬಾದಾಮಿ)

ಉತ್ತರ: ತಪ್ಪಲ್ಲ, ಆದರೆ ನೀವು ಫಲಕದ ಭಾಷೆಯನ್ನು ಬಾಯಲ್ಲಿ ಆಡುತ್ತಿದ್ದೀರಿ. 1066ರಲ್ಲಿ ಫ್ರಾನ್ಸಿನ ಕಡೆಯಿಂದ ಬಂದ ನಾರ್ಮನ್ನರು ಇಂಗ್ಲೆಂಡನ್ನು ಗೆದ್ದ ಮೇಲೆ ಆಸ್ಥಾನ ಮತ್ತು ನ್ಯಾಯಾಲಯಗಳಲ್ಲಿ ಫ್ರೆಂಚ್, ಚರ್ಚು ಮತ್ತು ವಿದ್ವತ್ತಿನಲ್ಲಿ ಲ್ಯಾಟಿನ್ ಮೇಲುಗೈ ಪಡೆದವು, ಹೊಲಮನೆಗಳಲ್ಲಿ ಇಂಗ್ಲಿಷೇ ಉಳಿಯಿತು. ಅದರಿಂದಾಗಿ ಇವತ್ತಿಗೂ ಒಂದೇ ಕೆಲಸಕ್ಕೆ ಎರಡು ಪದಗಳಿವೆ, ಒಂದು ಅಂಗಳದ್ದು, ಇನ್ನೊಂದು ಕಚೇರಿಯದು. ‘ಪೋಸ್ಟ್‌ಪೋನ್’ ಎಂಬುದು ಲ್ಯಾಟಿನ್ನಿನಲ್ಲಿ ‘ನಂತರಕ್ಕೆ ಇಡು’ ಎಂದೇ ಆಗುತ್ತದೆ, ಅಂದರೆ ‘ಪುಟ್ ಆಫ್’ಗೆ ಅದು ದಾಯಾದಿ. ನಮ್ಮಲ್ಲಿಯೂ ಪತ್ರಿಕೆ ‘ಅಗ್ನಿಯನ್ನು ನಂದಿಸಲಾಯಿತು’ ಎಂದು ಬರೆಯುತ್ತದೆ, ಕಣ್ಣಾರೆ ಕಂಡವನು ‘ಬೆಂಕಿ ಆರಿಸಿದರು’ ಎನ್ನುತ್ತಾನೆ. ಅತಿಥಿಗಳೊಂದಿಗೆ ಮೆಟ್ಟಿಲು ಹತ್ತುತ್ತಾ ಆಡುವ ಮಾತಿಗೆ ಅಂಗಳದ ಪದವೇ ಚೆನ್ನ.

ನಿಮ್ಮ ವೃತ್ತಿಗೆ ಒಂದು ಜೋಡಿ ವಿಶೇಷವಾಗಿ ಬೇಕು. ಕ್ರಿ.ಶ. 578ರ ಶಾಸನವಿರುವ ಮೂರನೆಯ ಗುಹೆಯನ್ನು ತೋರಿಸುವಾಗ ಅದು ‘ಬಿಲ್ಟ್’ ಎನ್ನಬೇಡಿ. ಅದನ್ನು ಯಾರೂ ಕಟ್ಟಲಿಲ್ಲ, ಇದ್ದ ಬಂಡೆಯೊಳಗಿನಿಂದ ಕೊರೆದು ತೆಗೆದರು: ‘ಕಾರ್ವ್ಡ್ ಔಟ್ ಆಫ್ ದಿ ರಾಕ್’. ಕೆಳಗೆ ಅಗಸ್ತ್ಯ ತೀರ್ಥದ ದಂಡೆಯ ಭೂತನಾಥ ಗುಡಿ ಮಾತ್ರ ಕಲ್ಲಿನ ಮೇಲೆ ಕಲ್ಲಿಟ್ಟು ಕಟ್ಟಿದ್ದು. ಆ ‘ಔಟ್’ ಎಂಬ ಒಂದು ಪದದಲ್ಲಿ, ಒಳಗೆ ಅಡಗಿದ್ದ ಮಂಟಪವನ್ನು ಉಳಿ ಹೊರಗೆ ತಂದ ಕಥೆಯೇ ಇದೆ, ಅದನ್ನು ಅತಿಥಿಗಳಿಗೆ ಬಿಡಿಸಿ ಹೇಳಿ.

‘ಪಾಸ್ ಔಟ್’ ಎಂದರೆ ಪದವಿ ಮುಗಿಸುವುದು ಎಂಬ ಬಳಕೆ ನಮ್ಮ ದೇಶದ ಇಂಗ್ಲಿಷಿನಲ್ಲಿ ಬೇರೂರಿದೆ, ಸೈನಿಕ ಶಿಕ್ಷಣದ ‘ಪಾಸಿಂಗ್ ಔಟ್ ಪರೇಡ್’ ಬ್ರಿಟನ್ನಿನಲ್ಲೂ ಉಂಟು. ಆದರೆ ಹೊರಗಿನ ಸಾಮಾನ್ಯರ ಕಿವಿಗೆ ಅದು ‘ಪ್ರಜ್ಞೆ ತಪ್ಪಿದೆ’ ಎಂದು ಕೇಳಿಸುತ್ತದೆ. ಆ ತಾಯಿಯ ಕಾಳಜಿ ನಿಜವಾದದ್ದು. ಅವರಂಥವರ ಮುಂದೆ ‘ಐ ಗ್ರ್ಯಾಜುಯೇಟೆಡ್’ ಎನ್ನಿ. ಹಾಗೆಯೇ, ನಿಗದಿಯಾದ ದಿನಕ್ಕಿಂತ ಮೊದಲಿಗೆ ತರುವುದಕ್ಕೆ ನಮ್ಮಲ್ಲಿ ಬಳಸುವ ‘ಪ್ರಿಪೋನ್’ ಬದಲಿಗೆ ‘ಬ್ರಿಂಗ್ ಫಾರ್ವರ್ಡ್’ ಎನ್ನಿ.

ಪ್ರಶ್ನೆ: ‘ಕೋಪ್ ಅಪ್ ವಿತ್’ ಸರಿಯೇ? (ಗೋಕಾಕ)

ಉತ್ತರ: ಸರಿಯಲ್ಲ. ನಿಭಾಯಿಸು ಎನ್ನಲು ‘ಕೋಪ್ ವಿತ್’ ಸಾಕು. ‘ಕೀಪ್ ಅಪ್ ವಿತ್’, ‘ಕ್ಯಾಚ್ ಅಪ್ ವಿತ್’ ಕೇಳಿ ಕೇಳಿ ಆ ‘ಅಪ್’ ಇಲ್ಲಿಗೂ ಬಂದು ಸೇರಿಕೊಂಡಿದೆ.

ಪ್ರಶ್ನೆ: ಪದವಿ ತರಗತಿಯಲ್ಲಿ ಗೋಲ್ ಗುಂಬಜ್ ಬಗ್ಗೆ ಇಂಗ್ಲಿಷ್ ಪ್ರಬಂಧ ಬರೆಯುತ್ತಿದ್ದೇನೆ. ಪ್ರತಿಧ್ವನಿ ನಿಧಾನವಾಗಿ ನಿಂತುಹೋಯಿತು ಎನ್ನಲು ‘ದಿ ಎಕೋ ಸ್ಲೋಲಿ ಡೈಡ್’ ಎಂದು ಬರೆದಿದ್ದೇನೆ. ನಿಘಂಟಿನಲ್ಲಿ ‘ಡೈ ಅವೇ’, ‘ಡೈ ಡೌನ್’, ‘ಡೈ ಔಟ್’ ಮೂರೂ ಇವೆ. ಯಾವುದು ಸರಿ? (ವಿಜಯಪುರ)

ಉತ್ತರ: ಮೂರೂ ಕೊನೆಯಾಗುವುದನ್ನೇ ಹೇಳುತ್ತವೆ, ಆದರೆ ಕೊನೆಯಾಗುವ ಬಗೆ ಬೇರೆ. ‘ಡೌನ್’ ಎಂದರೆ ಮಟ್ಟ ಇಳಿಯುವುದು. ಗಾಳಿಯ ಅಬ್ಬರ, ಬೆಂಕಿಯ ಜ್ವಾಲೆ, ಜನರ ಗದ್ದಲ ತಗ್ಗುವುದಕ್ಕೆ ‘ಡೈ ಡೌನ್’, ಅಲ್ಲಿ ಇನ್ನೂ ಸ್ವಲ್ಪ ಉಳಿದಿರಲೂ ಸಾಕು. ‘ಔಟ್’ ಎಂದರೆ ಹೇಳಹೆಸರಿಲ್ಲದೆ ಮುಗಿಯುವುದು. ಒಂದು ಪ್ರಾಣಿಯ ಸಂತತಿ, ಒಂದು ಊರಿನ ಪದ್ಧತಿ, ಒಂದು ಕಸುಬು ಅಳಿದುಹೋದರೆ ‘ಡೈ ಔಟ್’. ‘ಅವೇ’ ಎಂದರೆ ನಮ್ಮಿಂದ ದೂರ ದೂರ ಸರಿಯುತ್ತಾ ಕಾಣದಾಗುವುದು, ಕೇಳದಾಗುವುದು.

ಗುಮ್ಮಟದ ಒಳಬಳಸಿನ ಪಿಸುಮಾತಿನ ಗ್ಯಾಲರಿಯಲ್ಲಿ ಬೆಳಗ್ಗೆ ಜನ ಸೇರುವ ಮುನ್ನ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಸದ್ದು ಮರಳಿ ಬರುತ್ತದೆ, ಮತ್ತೆ ಬರುತ್ತದೆ, ಪ್ರತಿ ಸಲವೂ ಹಿಂದಿನದಕ್ಕಿಂತ ತುಸು ತೆಳುವಾಗಿ, ತುಸು ದೂರದಿಂದ, ಕೊನೆಗೆ ಕೇಳಿಸಿತೋ ಇಲ್ಲವೋ ಎಂಬ ಅನುಮಾನದಲ್ಲಿ ಕರಗುತ್ತದೆ. ಅದು ‘ಡೈ ಅವೇ’. ನಿಮ್ಮ ವಾಕ್ಯ ‘ದಿ ಎಕೋ ಡೈಡ್ ಅವೇ’ ಎಂದಾಗಲಿ. ‘ಸ್ಲೋಲಿ’ಯನ್ನು ತೆಗೆದುಹಾಕಿ, ಆ ನಿಧಾನ ‘ಅವೇ’ಯಲ್ಲೇ ಇದೆ.